ಅಕ್ಷರದಿಂದ ಆಕಾರಕ್ಕೆ: ಡಿಎನ್‌ಎ ಸುರುಳಿಯ ಲೆಕ್ಕಾಚಾರ



ವಿಜ್ಞಾನದ ಒಂದು ಗಟ್ಟಿ ವಿಷಯವನ್ನು ಎತ್ತಿಕೊಂಡು ಕನ್ನಡದಲ್ಲೇ ವಿವರಿಸಬೇಕು, ಆದರೆ ವಿಷಯವನ್ನು ಜಾಳು ಮಾಡಬಾರದು ಎಂದು ನಿಮ್ಮ ಆಹ್ವಾನ ಪತ್ರದಲ್ಲಿ ಬರೆದಿದ್ದಿರಿ. ಆ ಮಾತಿಗೆ ಕಟ್ಟುಬಿದ್ದು ಇವತ್ತು ಒಂದೇ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ಡಿಎನ್‌ಎಯ ಒಂದು ತುಂಡಿನಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳು ಯಾವ ಕ್ರಮದಲ್ಲಿ ಬಂದಿವೆ ಎಂಬುದಷ್ಟೇ ನಮಗೆ ಗೊತ್ತು. ಇಷ್ಟರಿಂದಲೇ ಆ ತುಂಡು ನೀರಿನಲ್ಲಿ ಯಾವ ಆಕಾರ ತಾಳುತ್ತದೆ, ಎಲ್ಲಿ ಬಾಗುತ್ತದೆ, ಎಲ್ಲಿ ಬಿಗಿಯಾಗಿರುತ್ತದೆ ಎಂದು ಲೆಕ್ಕ ಹಾಕಿ ಹೇಳಬಹುದೇ?

ಪಠ್ಯಪುಸ್ತಕದ ಚಿತ್ರ ನೋಡಿ ಬೆಳೆದವರಿಗೆ ಈ ಪ್ರಶ್ನೆಯೇ ವಿಚಿತ್ರವಾಗಿ ಕಾಣಬಹುದು. ಆ ಚಿತ್ರದಲ್ಲಿ ಸುರುಳಿ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ. ಅಗಲ 2 ನ್ಯಾನೋಮೀಟರ್, ಎರಡು ಎಳೆಗಳ ಎದುರುಬದುರು ಅಕ್ಷರಗಳ ಒಂದು ಜೋಡಿಯಿಂದ ಮುಂದಿನ ಜೋಡಿಗೆ 0.34 ನ್ಯಾನೋಮೀಟರ್, ಹತ್ತು ಜೋಡಿಗೆ ಒಂದು ಸುತ್ತು. ಎ ಇರಲಿ, ಜಿ ಇರಲಿ, ಸುರುಳಿಗೆ ಅದರಿಂದ ಏನೂ ವ್ಯತ್ಯಾಸವಿಲ್ಲ ಎಂಬಂತೆ ಆ ಚಿತ್ರ ಇರುತ್ತದೆ.

ಈ ಅಂಕಿಗಳು ಎಲ್ಲಿಂದ ಬಂದವು ಎಂಬುದನ್ನು ಕೇಳಬೇಕು. 1952ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ರೊಸಾಲಿಂಡ್ ಫ್ರಾಂಕ್ಲಿನ್ ಮತ್ತು ಅವರ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್, ಕರುವಿನ ಥೈಮಸ್ ಗ್ರಂಥಿಯಿಂದ ತೆಗೆದ ಡಿಎನ್‌ಎಯನ್ನು ನೂಲಿನಂತೆ ಎಳೆದು, ಅದರ ಮೂಲಕ ಎಕ್ಸ್-ಕಿರಣ ಹಾಯಿಸಿದರು. ಆ ನೂಲಿನಲ್ಲಿ ಲೆಕ್ಕವಿಲ್ಲದಷ್ಟು ಅಣುಗಳು ಅಕ್ಕಪಕ್ಕ ಮಲಗಿರುತ್ತವೆ. ಒಂದೊಂದರ ಅಕ್ಷರ ಕ್ರಮವೂ ಬೇರೆ. ಫಿಲ್ಮಿನ ಮೇಲೆ ಮೂಡಿದ್ದು ಅವೆಲ್ಲದರ ಒಟ್ಟು ನೆರಳು. ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ 1953ರ ಏಪ್ರಿಲ್ 25ರ ‘ನೇಚರ್’ ಸಂಚಿಕೆಯಲ್ಲಿ ಕೊಟ್ಟ ಮಾದರಿಯ ಅಳತೆಗಳ ಹಿಂದೆ ಇದ್ದದ್ದು ಇಂಥ ಸರಾಸರಿ. ಮಾದರಿ ಸರಿಯಾಗಿತ್ತು, ಅದರ ಮಹತ್ವಕ್ಕೂ ಕುಂದಿಲ್ಲ. ಆದರೆ ಆ ಸರಾಸರಿ ಸುರುಳಿ ಯಾವ ಜೀವಕೋಶದಲ್ಲೂ ಇಲ್ಲ. ಜೀವಕೋಶದಲ್ಲಿ ಇರುವುದು ನಿರ್ದಿಷ್ಟ ಅಕ್ಷರಗಳ ನಿರ್ದಿಷ್ಟ ತುಂಡುಗಳು, ಮತ್ತು ಒಂದೊಂದು ತುಂಡಿಗೂ ಅದರದೇ ಮೈಕಟ್ಟು ಇದೆ. ಸರಾಸರಿಯಲ್ಲಿ ಕಳೆದುಹೋದ ಆ ಮೈಕಟ್ಟನ್ನು ಮರಳಿ ಪಡೆಯುವ ಪ್ರಯತ್ನವೇ ಇವತ್ತಿನ ಉಪನ್ಯಾಸದ ವಸ್ತು.

ಆಕಾರ ಒಂದೇ ಅಲ್ಲ ಎಂಬ ಸುಳಿವು ಫ್ರಾಂಕ್ಲಿನ್ ಅವರ ಕೈಯಲ್ಲೇ ಸಿಕ್ಕಿತ್ತು. ನೂಲಿನ ತೇವ ಕಡಿಮೆಯಾದಾಗ ಒಂದು ರೂಪ, ತೇವ ಹೆಚ್ಚಿದಾಗ ಇನ್ನೊಂದು ರೂಪ. ಎ-ರೂಪ, ಬಿ-ರೂಪ ಎಂದು ನಾವು ಕರೆಯುವುದು ಇವನ್ನೇ. ನೀರು ಬದಲಾದರೆ ರೂಪ ಬದಲಾಗುತ್ತದೆ. ಹಾಗಾದರೆ ಅಕ್ಷರ ಬದಲಾದರೆ? ಇದಕ್ಕೆ ಉತ್ತರ ಸಿಗಬೇಕಾದರೆ ಕರುವಿನ ಡಿಎನ್‌ಎ ಸಾಲದು. ಇಂಥದ್ದೇ ಕ್ರಮ ಎಂದು ಗೊತ್ತುಮಾಡಿ ತಯಾರಿಸಿದ ಪುಟ್ಟ ತುಂಡು ಬೇಕು, ಅದು ಹರಳುಗಟ್ಟಬೇಕು. ರಸಾಯನ ವಿಜ್ಞಾನಿಗಳು ಅಂಥ ತುಂಡುಗಳನ್ನು ಬೇಕಾದಷ್ಟು ಶುದ್ಧವಾಗಿ ಮಾಡಿಕೊಡುವ ಹೊತ್ತಿಗೆ 1970ರ ದಶಕದ ಕೊನೆ ಬಂದಿತ್ತು.

ಇಲ್ಲಿ ಬೆಂಗಳೂರಿನ ಹೆಸರು ಹೇಳಲೇಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎ. ವಿಶ್ವಾಮಿತ್ರ ಅವರು ಕೇಂಬ್ರಿಜ್‌ನ ಓಲ್ಗಾ ಕೆನ್ನಾರ್ಡ್ ಮತ್ತಿತರರ ಜೊತೆಗೂಡಿ 1978ರಲ್ಲಿ ಎ-ಟಿ-ಎ-ಟಿ ಎಂಬ ನಾಲ್ಕಕ್ಷರದ ತುಂಡಿನ ಹರಳಿನ ರಚನೆಯನ್ನು ಬಿಡಿಸಿ ‘ನೇಚರ್’ನಲ್ಲಿ ಪ್ರಕಟಿಸಿದರು. ಡಿಎನ್‌ಎಯ ಜೋಡಿ ಸುರುಳಿಯ ತುಣುಕೊಂದನ್ನು ಪರಮಾಣು ಪರಮಾಣುವಾಗಿ ನೋಡಿದ್ದು ಅದೇ ಮೊದಲು. ನಾಲ್ಕೇ ಅಕ್ಷರ, ಆದರೂ ಅದರೊಳಗೆ ಏಕರೂಪ ಇರಲಿಲ್ಲ. ಎ ಅಕ್ಷರಕ್ಕೆ ಅಂಟಿದ ಸಕ್ಕರೆಯ ಉಂಗುರ ಒಂದು ಬಗೆಯಲ್ಲಿ ಮಡಿಚಿತ್ತು, ಟಿ ಅಕ್ಷರದ್ದು ಇನ್ನೊಂದು ಬಗೆಯಲ್ಲಿ. ಎ ಆದಮೇಲೆ ಟಿ ಬರುವ ಹೆಜ್ಜೆಗೂ ಟಿ ಆದಮೇಲೆ ಎ ಬರುವ ಹೆಜ್ಜೆಗೂ ಸ್ಪಷ್ಟ ವ್ಯತ್ಯಾಸವಿತ್ತು. ಮರುವರ್ಷ ಆರನ್ ಕ್ಲುಗ್, ವಿಶ್ವಾಮಿತ್ರ ಮತ್ತು ಸಂಗಡಿಗರು ಇದರ ಆಧಾರದ ಮೇಲೆ ಒಂದು ಹೆಜ್ಜೆ ಹೀಗೆ, ಮುಂದಿನ ಹೆಜ್ಜೆ ಹಾಗೆ ಎಂದು ಸಾಗುವ ಸುರುಳಿಯ ಮಾದರಿಯನ್ನು ಮುಂದಿಟ್ಟರು. ಬ್ಯಾಕ್ಟೀರಿಯಾದ ಲ್ಯಾಕ್ ರಿಪ್ರೆಸರ್ ಎಂಬ ಪ್ರೋಟೀನು ತನ್ನ ಜಾಗವನ್ನು ಗುರುತಿಸುವುದಕ್ಕೂ ಇದಕ್ಕೂ ನಂಟಿರಬಹುದು ಎಂದರು. ಅಕ್ಷರ ಕ್ರಮದಿಂದ ಆಕಾರ, ಆಕಾರದಿಂದ ಗುರುತು: ಇಡೀ ಕ್ಷೇತ್ರದ ಯೋಚನೆ ಆ ಪ್ರಬಂಧದಲ್ಲಿ ಆಗಲೇ ಇದೆ. ನಮ್ಮ ವಿದ್ಯಾರ್ಥಿಗಳಿಗೆ ವಾಟ್ಸನ್, ಕ್ರಿಕ್ ಗೊತ್ತು. ವಿಶ್ವಾಮಿತ್ರರ ಹೆಸರು ಗೊತ್ತಿರುವವರು ಕಡಿಮೆ. ಇದು ನನಗೆ ನಿಜವಾಗಿ ಬೇಸರ ತರುವ ಸಂಗತಿ.

ನಾಲ್ಕು ಅಕ್ಷರ ಒಂದು ಸುತ್ತಿಗೆ ಸಾಲುವುದಿಲ್ಲ. ಪೂರ್ತಿ ಒಂದು ಸುತ್ತಿನ ಬಿ-ರೂಪ ಸಿಕ್ಕಿದ್ದು 1980ರಲ್ಲಿ, ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ರಿಚರ್ಡ್ ಡಿಕರ್ಸನ್ ಮತ್ತು ಹೊರೇಸ್ ಡ್ರೂ ಅವರ ತಂಡಕ್ಕೆ. ಅದರ ಅಕ್ಷರಗಳು ಹನ್ನೆರಡು: ಸಿ-ಜಿ-ಸಿ-ಜಿ-ಎ-ಎ-ಟಿ-ಟಿ-ಸಿ-ಜಿ-ಸಿ-ಜಿ. ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಜೋಡಿಯಾದ ಎರಡು ಅಕ್ಷರಗಳು ಒಂದೇ ಸಮತಲದಲ್ಲಿ ಚಪ್ಪಟೆಯಾಗಿ ಕೂತಿರುತ್ತವೆ ಎಂದು ನಾವು ಚಿತ್ರ ಬರೆಯುತ್ತೇವೆ. ಇಲ್ಲಿ ಹಾಗಿಲ್ಲ, ವಿಮಾನದ ಪ್ರೊಪೆಲರ್ ರೆಕ್ಕೆಯಂತೆ ಎರಡೂ ಒಂದಕ್ಕೊಂದು ತಿರುಚಿಕೊಂಡಿವೆ. ಅದನ್ನು ಪ್ರೊಪೆಲರ್ ತಿರುಚು ಎಂದೇ ಕರೆಯುತ್ತಾರೆ. ನಡುವಿನ ಎ-ಟಿ ಜೋಡಿಗಳಲ್ಲಿ ಅದು ಸರಾಸರಿ 17 ಡಿಗ್ರಿ, ತುದಿಗಳ ಸಿ-ಜಿ ಜೋಡಿಗಳಲ್ಲಿ 11ರಿಂದ 12 ಡಿಗ್ರಿ. ಸುರುಳಿಯ ಅಕ್ಷವೇ 19 ಡಿಗ್ರಿ ಬಾಗಿದೆ. ಆ ಬಾಗಿನಲ್ಲಿ ಹರಳಿನೊಳಗೆ ಪಕ್ಕದ ಅಣುಗಳು ಒತ್ತಿದ ಪಾಲೂ ಇದೆ ಎಂಬುದನ್ನು ಮರೆಯಬಾರದು. ನನ್ನ ಮಟ್ಟಿಗೆ ಅತಿ ಮುಖ್ಯವಾದದ್ದು ಇನ್ನೊಂದು. ಜೋಡಿ ಸುರುಳಿಯ ಮೈಮೇಲೆ ಎರಡು ತೋಡುಗಳು ಹರಿಯುತ್ತವೆ, ಒಂದು ಅಗಲ, ಒಂದು ಕಿರಿದು. ನೂಲಿನ ಸರಾಸರಿಯಲ್ಲಿ ಕಿರಿ ತೋಡಿನ ಅಗಲ ಸುಮಾರು 6 ಆಂಗ್‌ಸ್ಟ್ರಾಮ್. ಈ ಹನ್ನೆರಡಕ್ಷರದ ತುಂಡಿನ ನಡುವೆ, ಎ-ಎ-ಟಿ-ಟಿ ಇರುವ ಕಡೆ, ಅದು 3-4 ಆಂಗ್‌ಸ್ಟ್ರಾಮಿಗೆ ಇಳಿದಿದೆ. ಅಲ್ಲಿ ನೀರಿನ ಅಣುಗಳು ತೋಡಿನ ಉದ್ದಕ್ಕೂ ಬೆನ್ನೆಲುಬಿನಂತೆ ಸಾಲಾಗಿ ಕೂತಿವೆ. ನಾಲ್ಕು ಅಕ್ಷರ ಬದಲಾದದ್ದಕ್ಕೆ ತೋಡು ಅರ್ಧದಷ್ಟು ಕಿರಿದಾಗಿದೆ.

ಇಷ್ಟು ತಿಳಿದ ಮೇಲೆ ಲೆಕ್ಕದ ಮಾತು. ಒಂದು ಜೋಡಿಯನ್ನು ಒಂದು ಪುಟ್ಟ ಹಲಗೆ ಎಂದುಕೊಳ್ಳಿ. ಅದರ ಮೇಲೆ ಮುಂದಿನ ಹಲಗೆ ಎಲ್ಲಿ, ಹೇಗೆ ಕೂತಿದೆ ಎಂದು ಹೇಳಲು ಆರು ಅಂಕಿ ಬೇಕು. ಮೂರು ಸರಿದಾಟದವು: ಅಡ್ಡಕ್ಕೆ ಎಷ್ಟು, ಉದ್ದಕ್ಕೆ ಎಷ್ಟು, ಮೇಲಕ್ಕೆ ಎಷ್ಟು. ಮೂರು ತಿರುಗುವಿಕೆಯವು: ಅಕ್ಷದ ಸುತ್ತ ತಿರುಚು, ಅಂದರೆ ಟ್ವಿಸ್ಟ್, ಎರಡು ತೋಡುಗಳಲ್ಲಿ ಒಂದರ ಕಡೆಗೆ ಬಾಯಿ ತೆರೆಯುವ ವಾಲು, ಅಂದರೆ ರೋಲ್, ಎಳೆಗಳ ಕಡೆಗೆ ವಾಲುವ ಟಿಲ್ಟ್. ಯಾವುದನ್ನು ಧನ, ಯಾವುದನ್ನು ಋಣ ಎನ್ನಬೇಕು ಎಂಬಲ್ಲಿಯೇ ಮೊದಮೊದಲು ಒಬ್ಬೊಬ್ಬರದು ಒಂದೊಂದು ಪದ್ಧತಿಯಾಗಿತ್ತು. 1988ರಲ್ಲಿ ಕೇಂಬ್ರಿಜ್‌ನಲ್ಲಿ ಸೇರಿದ ವಿಜ್ಞಾನಿಗಳು ಕೂತು ಒಂದು ಒಪ್ಪಂದಕ್ಕೆ ಬಂದರು. ಎರಡು ಅಕ್ಷರಗಳ ಹೆಜ್ಜೆಗಳು ಒಟ್ಟು 16. ಎರಡು ಎಳೆಗಳೂ ಎದುರು ದಿಕ್ಕಿಗೆ ಓಡುವುದರಿಂದ ಎ-ಎ ಹೆಜ್ಜೆ ಇನ್ನೊಂದು ಕಡೆಯಿಂದ ಓದಿದಾಗ ಟಿ-ಟಿ ಆಗುತ್ತದೆ. ಇಂಥವನ್ನು ಒಂದೇ ಎಂದು ಎಣಿಸಿದರೆ ಉಳಿಯುವುದು 10. ಹತ್ತು ಹೆಜ್ಜೆಗೆ ಆರಾರು ಅಂಕಿ, ಅರವತ್ತು ಅಂಕಿಗಳ ಒಂದು ಕೋಷ್ಟಕ. ಅದನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರಗಳನ್ನು ಒಂದೊಂದಾಗಿ ಓದುತ್ತಾ, ಹಲಗೆಯ ಮೇಲೆ ಹಲಗೆ ಕೂಡಿಸುತ್ತಾ ಹೋದರೆ ಸಾಲು ಆಕಾರವಾಗುತ್ತದೆ. ಗಣಿತದಲ್ಲಿ ಇದು ಮ್ಯಾಟ್ರಿಕ್ಸ್‌ಗಳನ್ನು ಸಾಲಾಗಿ ಗುಣಿಸುವ ಕೆಲಸ, ಬಿಎಸ್‌ಸಿ ವಿದ್ಯಾರ್ಥಿಗೆ ಕಷ್ಟವಾದದ್ದಲ್ಲ.

ಹೆಜ್ಜೆಯಿಂದ ಹೆಜ್ಜೆಗೆ ಯಾಕೆ ಈ ವ್ಯತ್ಯಾಸ ಎಂಬುದಕ್ಕೆ 1982ರಲ್ಲಿ ಒಂದು ಅಂದವಾದ ವಿವರಣೆ ಕೊಟ್ಟವರು ಕೇಂಬ್ರಿಜ್‌ನ ಕ್ರಿಸ್ಟೋಫರ್ ಕ್ಯಾಲಡೈನ್. ಅವರು ಜೀವವಿಜ್ಞಾನಿಯಲ್ಲ, ಕಟ್ಟಡಗಳ ಬಲಾಬಲ ಲೆಕ್ಕ ಹಾಕುವ ಎಂಜಿನಿಯರ್. ಪ್ರೊಪೆಲರ್‌ನಂತೆ ತಿರುಚಿದ ಎರಡು ಜೋಡಿಗಳು ಒಂದರ ಮೇಲೊಂದು ಕೂತಾಗ ದೊಡ್ಡ ಅಕ್ಷರಗಳಾದ ಎ ಮತ್ತು ಜಿ ಒಂದಕ್ಕೊಂದು ತಾಗಿ ಇಕ್ಕಟ್ಟಾಗುತ್ತದೆ, ಆ ಇಕ್ಕಟ್ಟಿನಿಂದ ಪಾರಾಗಲು ಜೋಡಿಗಳು ವಾಲುತ್ತವೆ, ಸರಿಯುತ್ತವೆ ಎಂದು ಅವರು ತೋರಿಸಿದರು. ಅವರ ನಿಯಮಗಳು ಎಲ್ಲ ಕಡೆಯೂ ನಿಲ್ಲಲಿಲ್ಲ. ಆದರೂ ಡಿಎನ್‌ಎಯನ್ನು ಸಂಕೇತವಾಗಿ ಮಾತ್ರ ನೋಡದೆ ಭಾರ, ಬಿಗಿ, ಬಳುಕು ಇರುವ ವಸ್ತುವಾಗಿ ನೋಡುವುದನ್ನು ಆ ಪ್ರಬಂಧ ಅನೇಕರಿಗೆ ಕಲಿಸಿತು.

ಈಗ ಒಂದು ಅನುಮಾನ ಬರಬೇಕು. ಪ್ರತಿ ಹೆಜ್ಜೆಯ ವಾಲು ಹೆಚ್ಚೆಂದರೆ ಕೆಲವು ಡಿಗ್ರಿ. ಅಷ್ಟರಿಂದ ಏನಾಗುತ್ತದೆ? ಹಬ್ಬದ ದಿನ ಒಬ್ಬಟ್ಟುಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದೀರಿ ಎನ್ನಿ. ಪ್ರತಿಯೊಂದೂ ಒಂದು ಬದಿಗೆ ಚೂರು ದಪ್ಪ. ಒಂದೊಂದನ್ನೂ ಕೆಳಗಿನದಕ್ಕಿಂತ 36 ಡಿಗ್ರಿ ತಿರುಗಿಸಿ ಇಡುತ್ತಾ ಹೋದರೆ ದಪ್ಪ ಬದಿಗಳು ಎಲ್ಲ ದಿಕ್ಕಿಗೂ ಹಂಚಿಹೋಗಿ ಪೇರಿಕೆ ನೆಟ್ಟಗೆ ನಿಲ್ಲುತ್ತದೆ. ಹಾಗಲ್ಲದೆ ಹತ್ತರಲ್ಲಿ ಒಂದು ಮಾತ್ರ ಒಂದು ಬದಿ ದಪ್ಪ, ಉಳಿದವೆಲ್ಲ ಸಮ ಎಂದಾದರೆ, ದಪ್ಪ ಬದಿ ಪ್ರತಿ ಸುತ್ತಿಗೂ ಒಂದೇ ದಿಕ್ಕಿಗೆ ಬರುತ್ತದೆ, ಪೇರಿಕೆ ಒಂದೇ ಕಡೆಗೆ ವಾಲುತ್ತಾ ಹೋಗುತ್ತದೆ. ಡಿಎನ್‌ಎಯಲ್ಲೂ ಇದೇ ಲೆಕ್ಕ. ಬರೀ ಎ ಅಕ್ಷರಗಳ ಉದ್ದನೆಯ ಸಾಲು ನೆಟ್ಟಗಿರುತ್ತದೆ. ಐದಾರು ಎಗಳ ಗುಂಪು, ಆಮೇಲೆ ಬೇರೆ ಅಕ್ಷರ, ಮತ್ತೆ ಸರಿಯಾಗಿ ಒಂದು ಸುತ್ತಿನ ದೂರಕ್ಕೆ ಎಗಳ ಗುಂಪು ಹೀಗೆ ಬಂದರೆ ಅದು ಬಾಗುತ್ತದೆ. ಗುಂಪುಗಳ ನಡುವಣ ಅಂತರ ಒಂದೂವರೆ ಸುತ್ತಾದರೆ ಒಂದರ ಬಾಗನ್ನು ಮುಂದಿನದು ಅಳಿಸುತ್ತದೆ.

1980ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಎಡ್ವರ್ಡ್ ಟ್ರಿಫೊನೊವ್ ಮತ್ತು ಜೋಯಲ್ ಸಸ್‌ಮನ್, ಕ್ರೊಮ್ಯಾಟಿನ್ ಡಿಎನ್‌ಎಯಲ್ಲಿ, ಅಂದರೆ ಪ್ರೋಟೀನುಗಳ ಸುತ್ತ ಸುತ್ತಿಕೊಂಡ ಡಿಎನ್‌ಎಯಲ್ಲಿ, ಎ-ಎಯಂಥ ಹೆಜ್ಜೆಗಳು ಸುಮಾರು ಹತ್ತೂವರೆ ಅಕ್ಷರಗಳಿಗೊಮ್ಮೆ ಮರುಕಳಿಸುವುದನ್ನು ಗುರುತಿಸಿ, ಇದು ಬಾಗಿದ ಡಿಎನ್‌ಎಯ ಗುರುತು ಎಂದಿದ್ದರು. ಪುರಾವೆ ಬಂದದ್ದು 1982ರಲ್ಲಿ, ಒಂದು ಪರಾವಲಂಬಿ ಜೀವಿಯಿಂದ. ಕಾಲಾ ಅಜಾರ್ ತರುವ ಲೀಶ್ಮೇನಿಯಾ ಕುಲಕ್ಕೇ ಸೇರಿದ, ಹಲ್ಲಿಗಳಲ್ಲಿ ಬದುಕುವ ಒಂದು ಏಕಕೋಶ ಜೀವಿಯ ಕೈನೆಟೊಪ್ಲಾಸ್ಟ್ ಎಂಬ ಭಾಗದ ಡಿಎನ್‌ಎ ತುಂಡೊಂದನ್ನು ಡೊನಾಲ್ಡ್ ಕ್ರೋದರ್ಸ್, ಪಾಲ್ ಇಂಗ್ಲಂಡ್ ಮತ್ತವರ ಸಹೋದ್ಯೋಗಿಗಳು ಜೆಲ್‌ನಲ್ಲಿ ಓಡಿಸಿದರು. ಉದ್ದಕ್ಕೆ ತಕ್ಕ ವೇಗದಲ್ಲಿ ಅದು ಓಡಲಿಲ್ಲ, ತನಗಿಂತ ಬಹಳ ಉದ್ದದ ತುಂಡಿನಂತೆ ಹಿಂದೆ ಉಳಿಯಿತು. ಬಾಗಿದ ತುಂಡು ಜೆಲ್‌ನ ಕಿರಿದಾದ ರಂಧ್ರಗಳಲ್ಲಿ ಸುಲಭವಾಗಿ ನುಸುಳಲಾರದು. ಅಕ್ಷರ ಓದಿದಾಗ ಎಗಳ ಗುಂಪುಗಳು ಸುತ್ತಿಗೊಂದರಂತೆ ಸಾಲಾಗಿ ಇದ್ದವು. ಇಂಥ ಒಂದು ಗುಂಪು ಸುರುಳಿಯನ್ನು ಸುಮಾರು 18 ಡಿಗ್ರಿ ಬಾಗಿಸುತ್ತದೆ ಎಂದು ಕ್ರೋದರ್ಸ್ ತಂಡ ಮುಂದೆ ಅಳೆದು ಹೇಳಿತು. ಇಪ್ಪತ್ತು ಗುಂಪು ಸೇರಿದರೆ 360 ಡಿಗ್ರಿ. ಅಂದರೆ ಇನ್ನೂರಹತ್ತು ಅಕ್ಷರಗಳಷ್ಟು ಉದ್ದದ ತುಂಡು ಯಾರ ಸಹಾಯವೂ ಇಲ್ಲದೆ ಪೂರ್ತಿ ವೃತ್ತವಾಗಬೇಕು. 1986ರಲ್ಲಿ ಜ್ಯಾಕ್ ಗ್ರಿಫಿತ್ ಮತ್ತು ಸಂಗಡಿಗರು ಇಂಥದೇ ಜೀವಿಯ ಸುಮಾರು ಅಷ್ಟೇ ಉದ್ದದ ತುಂಡನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಪುಟ್ಟ ಉಂಗುರಗಳು ಕಂಡವು.

ಅದೇ ವರ್ಷ ಪಾಲ್ ಹಾಗರ್‌ಮನ್ ಮಾಡಿದ ಒಂದು ಪ್ರಯೋಗ ನನಗೆ ಇಡೀ ಕ್ಷೇತ್ರದಲ್ಲೇ ಅತ್ಯಂತ ಪ್ರಿಯವಾದದ್ದು. ಎರಡು ಸಾಲುಗಳು. ಮೊದಲನೆಯದು ಜಿ, ನಾಲ್ಕು ಎ, ನಾಲ್ಕು ಟಿ, ಸಿ. ಇದೇ ಮತ್ತೆ ಮತ್ತೆ. ಎರಡನೆಯದು ಜಿ, ನಾಲ್ಕು ಟಿ, ನಾಲ್ಕು ಎ, ಸಿ; ಇದೇ ಮತ್ತೆ ಮತ್ತೆ. ಎರಡರಲ್ಲೂ ಅಕ್ಷರಗಳ ಎಣಿಕೆ ಒಂದೇ, ಮರುಕಳಿಸುವ ಅಂತರವೂ ಒಂದೇ ಹತ್ತು. ಜೆಲ್‌ನಲ್ಲಿ ಮೊದಲನೆಯದು ಬಹಳ ಹಿಂದೆ ಬಿದ್ದಿತು, ಎರಡನೆಯದು ನೆಟ್ಟಗಿನ ತುಂಡಿನಂತೆಯೇ ಓಡಿತು. ಕಾರಣ ಹುಡುಕಿದರೆ ಸಿಗುವುದು ನಡುವಿನ ಹೆಜ್ಜೆಯಲ್ಲಿ. ಎಗಳ ಗುಂಪಿಗೆ ತಲೆ-ಬಾಲ ಇದೆ. ಅದರ ಒಂದು ತುದಿಯ ಕಡೆಗೆ ಹೋದಂತೆ ಕಿರಿ ತೋಡು ಇನ್ನಷ್ಟು ಕಿರಿದಾಗುತ್ತದೆ. ಮೊದಲನೆಯ ಸಾಲಿನಲ್ಲಿ ಎರಡೂ ಎಳೆಗಳ ಆ ತುದಿಗಳು ನಡುವೆ ಬಂದು ಸೇರುತ್ತವೆ, ತೋಡಿನ ಕಿರಿದು ಒಂದೇ ಕಡೆ ಗಟ್ಟಿಯಾಗುತ್ತದೆ. ಎರಡನೆಯದರಲ್ಲಿ ಆ ತುದಿಗಳು ದೂರ ಸರಿದು, ನಡುವೆ ಟಿ-ಎ ಎಂಬ ಹೆಜ್ಜೆ ಕೂರುತ್ತದೆ. ಹತ್ತು ಹೆಜ್ಜೆಗಳಲ್ಲೂ ಅತಿ ಸಡಿಲವಾದದ್ದು ಅದು, ಕಿರಿ ತೋಡನ್ನು ತೆರೆಯುವಂಥದ್ದು. ಹಿಂದು ಮುಂದಾದ ಅಕ್ಷರಗಳಿಂದ ಬಾಗೇ ಮಾಯವಾಯಿತು.

ಇಷ್ಟೆಲ್ಲ ಇದ್ದೂ ಒಂದು ಜಗಳ ವರ್ಷಗಟ್ಟಲೆ ನಡೆಯಿತು. ಬಾಗು ಎಗಳ ಗುಂಪಿನ ಒಳಗಿದೆಯೋ, ಗುಂಪು ಮುಗಿದು ಬೇರೆ ಅಕ್ಷರ ಶುರುವಾಗುವ ಸಂದಿಯಲ್ಲಿದೆಯೋ, ಅಥವಾ ಎಗಳ ಗುಂಪು ನೆಟ್ಟಗಿದ್ದು ಉಳಿದ ಅಕ್ಷರಗಳು ಬಾಗುತ್ತವೆಯೋ? ಮೂರಕ್ಕೂ ವಾದಿಸುವವರಿದ್ದರು. ಜೆಲ್‌ನಿಂದ ಇದು ತೀರ್ಮಾನವಾಗದು, ಯಾಕೆಂದರೆ ಬೇರೆ ಬೇರೆ ಕೋಷ್ಟಕಗಳು ಒಟ್ಟಾರೆ ಒಂದೇ ಬಾಗನ್ನು ಕೊಡಬಲ್ಲವು. ಆದ್ದರಿಂದ ಒಂದು ಮಾದರಿ ಪ್ರಯೋಗದ ಜೊತೆ ಹೊಂದಿಕೊಂಡಿತು ಎಂದ ಮಾತ್ರಕ್ಕೆ ಅದರ ಪ್ರತಿ ಅಂಕಿಯೂ ನಿಜ ಎಂದು ನಂಬಬಾರದು.

ಕೋಷ್ಟಕ ಎಷ್ಟು ನಿಖರವಾಗಿರಬೇಕು ಎಂಬುದಕ್ಕೆ ಒಂದು ಸಣ್ಣ ಲೆಕ್ಕ. ಸುತ್ತಿಗೆ ಹತ್ತು ಜೋಡಿ ಎಂದರೆ ಹೆಜ್ಜೆಗೆ 36 ಡಿಗ್ರಿ ತಿರುಚು. ದ್ರಾವಣದಲ್ಲಿ ನಿಜವಾಗಿ ಇರುವುದು ಸುತ್ತಿಗೆ ಹತ್ತೂವರೆ ಜೋಡಿಯ ಆಸುಪಾಸು, ಅಂದರೆ 34.3 ಡಿಗ್ರಿ. ವ್ಯತ್ಯಾಸ 1.7 ಡಿಗ್ರಿ, ಕಣ್ಣಿಗೆ ಬೀಳದಷ್ಟು. ನೂರು ಹೆಜ್ಜೆ ಆಚೆ ಅದು 170 ಡಿಗ್ರಿ ಆಗುತ್ತದೆ. ಪೂರ್ವಕ್ಕೆ ಮುಖ ಮಾಡಬೇಕಾದ ಬಾಗು ನಿಮ್ಮ ಮಾದರಿಯಲ್ಲಿ ಹೆಚ್ಚುಕಡಿಮೆ ಪಶ್ಚಿಮಕ್ಕೆ ಮುಖ ಮಾಡಿರುತ್ತದೆ. ಪರದೆಯ ಮೇಲೆ ಎರಡೂ ಚಿತ್ರ ಸುಂದರವಾಗಿಯೇ ಕಾಣುತ್ತವೆ. ಹಾಗಾಗಿ ಉದ್ದನೆಯ ಡಿಎನ್‌ಎಯ ನಯವಾದ ಮೂರು ಆಯಾಮದ ಚಿತ್ರ ಕಂಡಾಗ, ಇದರ ಹಿಂದಿನ ಹೆಜ್ಜೆಯ ಅಂಕಿಗಳು ಎಲ್ಲಿಂದ ಬಂದವು ಎಂದು ಮೊದಲು ಕೇಳಿ.

ಬೆಂಗಳೂರಿಗೆ ಮತ್ತೊಮ್ಮೆ ಬರೋಣ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ.ಎನ್. ರಾಮಚಂದ್ರನ್ ಕಟ್ಟಿದ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕಕ್ಕೆ ಒಂದು ಪರಂಪರೆಯಿದೆ: ಪರಮಾಣುಗಳು ಒಂದಕ್ಕೊಂದು ಢಿಕ್ಕಿ ಹೊಡೆಯದೆ ಯಾವ ಯಾವ ಕೋನಗಳಲ್ಲಿ ಕೂರಬಲ್ಲವು ಎಂದು ಲೆಕ್ಕ ಹಾಕಿ, ಅದರಿಂದ ಆಕಾರಕ್ಕೆ ಹೋಗುವುದು. ಮದರಾಸಿನಲ್ಲಿ 1963ರಲ್ಲಿ ಪ್ರೋಟೀನುಗಳಿಗಾಗಿ ಹುಟ್ಟಿದ ರಾಮಚಂದ್ರನ್ ನಕ್ಷೆಯ ಹಿಂದಿನ ಯೋಚನೆಯೂ ಅದೇ. ಆ ಕೆಲಸದಲ್ಲಿ ಜೊತೆಗಿದ್ದ ವಿ. ಶಶಿಶೇಖರನ್ ಬೆಂಗಳೂರಿನಲ್ಲಿ ಡಿಎನ್‌ಎಗೂ ಅದೇ ಪ್ರಶ್ನೆ ಹಾಕಿ, 1970ರ ದಶಕದಲ್ಲಿ ಬಲಮುರಿ ಮತ್ತು ಎಡಮುರಿ ತುಣುಕುಗಳು ಒಂದಾದ ಮೇಲೊಂದು ಬರುವ ಮಾದರಿಯನ್ನು ಮುಂದಿಟ್ಟರು. ಜೀವಕೋಶದ ಡಿಎನ್‌ಎಗೆ ಆ ಮಾದರಿ ನಿಲ್ಲಲಿಲ್ಲ. ಎರಡು ಎಳೆಗಳು ನಿಜಕ್ಕೂ ಒಂದನ್ನೊಂದು ಸುತ್ತಿಕೊಂಡಿವೆ ಎಂಬುದು ವೃತ್ತಾಕಾರದ ಡಿಎನ್‌ಎಯ ಪ್ರಯೋಗಗಳಿಂದ ಖಚಿತವಾಯಿತು. ಆದರೆ 1979ರಲ್ಲಿ ಎಂಐಟಿಯಲ್ಲಿ ಅಲೆಕ್ಸಾಂಡರ್ ರಿಚ್ ಅವರ ತಂಡ ಸಿ-ಜಿ-ಸಿ-ಜಿ-ಸಿ-ಜಿ ಎಂಬ ತುಂಡಿನಲ್ಲಿ ಎಡಮುರಿ ಸುರುಳಿಯನ್ನೇ ಕಂಡಿತು. ಅದೇ ಜಡ್-ರೂಪ. ಡಿಎನ್‌ಎಗೆ ಒಂದೇ ಆಕಾರ ಎಂದು ಯಾಕೆ ಒಪ್ಪಬೇಕು ಎಂದು ಶಶಿಶೇಖರನ್ ಕೇಳಿದ್ದು ಸರಿಯಾಗಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ರಾಮಚಂದ್ರನ್ ಅವರ ಬಳಿ ಕೊಲಾಜೆನ್ ಮೇಲೆ ಸಂಶೋಧನೆ ಮಾಡಿದ್ದ ಮಂಜು ಬನ್ಸಲ್ ಅದೇ ಘಟಕದಲ್ಲಿ ಡಿಎನ್‌ಎ ಆಕಾರದ ಅಧ್ಯಯನವನ್ನು ದಶಕಗಳ ಕಾಲ ಬೆಳೆಸಿದರು. 1995ರಲ್ಲಿ ಅವರು, ಧನಂಜಯ ಭಟ್ಟಾಚಾರ್ಯ ಮತ್ತು ರವಿ ಪ್ರಕಟಿಸಿದ ಎರಡು ಪ್ರೋಗ್ರಾಂಗಳಿವೆ. ನುಪಾರ್ಮ್ ಎಂಬುದು ರಚನೆಯನ್ನು ಕೊಟ್ಟರೆ ಹೆಜ್ಜೆಯ ಅಂಕಿಗಳನ್ನು ತೆಗೆದುಕೊಡುತ್ತದೆ. ನುಕ್‌ಜೆನ್ ಎಂಬುದು ಅಕ್ಷರ ಕ್ರಮ ಮತ್ತು ಅಂಕಿಗಳನ್ನು ಕೊಟ್ಟರೆ ರಚನೆಯನ್ನು ಕಟ್ಟಿಕೊಡುತ್ತದೆ. ಇವತ್ತಿನ ನಮ್ಮ ಪ್ರಶ್ನೆಗೆ ಇಲ್ಲಿಯೇ ಮಾಡಿದ ಒಂದು ಉಪಕರಣ ಆಗಲೇ ಇತ್ತು ಎಂದರ್ಥ. ಆಮೇಲೆ ಅವರ ತಂಡ ಜೀನ್‌ಗಳ ಆರಂಭದ ಪ್ರೊಮೋಟರ್ ಭಾಗಗಳನ್ನು ಈ ಕಣ್ಣಿನಿಂದ ನೋಡಿತು. ಅಕ್ಷರಗಳು ಒಂದೊಂದು ಜೀನ್‌ನಲ್ಲಿ ಒಂದೊಂದು ತರಹ ಇದ್ದರೂ, ಆ ಜಾಗಗಳು ಸುತ್ತಲಿನ ಡಿಎನ್‌ಎಗಿಂತ ಕಡಿಮೆ ಸ್ಥಿರ, ಅಂದರೆ ಎಳೆಗಳು ಸುಲಭವಾಗಿ ಬಿಚ್ಚಿಕೊಳ್ಳುವಂಥವು. ಅಕ್ಷರದ ಹೋಲಿಕೆಯಿಂದ ಸಿಗದ ಪ್ರೊಮೋಟರ್‌ಗಳನ್ನು ಈ ಗುಣದಿಂದ ಗುರುತಿಸುವ ವಿಧಾನವನ್ನು 2005ರಲ್ಲಿ ಅದಿತಿ ಕಾನ್ಹೆರೆ ಮತ್ತು ಬನ್ಸಲ್ ಪ್ರಕಟಿಸಿದರು.

ಅಷ್ಟು ಹೊತ್ತಿಗೆ ಅರವತ್ತು ಅಂಕಿಗಳ ಕೋಷ್ಟಕ ಸಾಲದು ಎಂಬುದೂ ಸ್ಪಷ್ಟವಾಗಿತ್ತು. ಎ-ಎ ಹೆಜ್ಜೆಯ ವಾಲು ಅದರ ಅಕ್ಕಪಕ್ಕ ಯಾರಿದ್ದಾರೆ ಎಂಬುದರ ಮೇಲೂ ನಿಂತಿದೆ. ಆಚೀಚೆಯ ಒಂದೊಂದು ಅಕ್ಷರ ಸೇರಿಸಿದರೆ ನಾಲ್ಕಕ್ಷರದ ಸಂದರ್ಭಗಳು 256, ಎದುರು ಎಳೆಯ ಲೆಕ್ಕ ತೆಗೆದರೆ 136. ಇಷ್ಟಕ್ಕೂ ಹರಳು ಬೆಳೆಸಿ ಅಳೆಯುತ್ತಾ ಕೂರಲಾಗದು. ಆದ್ದರಿಂದ ಅಸ್ಕೋನಾ ಎಂಬ ಸ್ವಿಸ್ ಊರಿನ ಹೆಸರಿಟ್ಟುಕೊಂಡ ಪ್ರಯೋಗಾಲಯಗಳ ಒಕ್ಕೂಟ ಕಂಪ್ಯೂಟರಿನ ಮೊರೆಹೋಯಿತು. 136 ಸಂದರ್ಭಗಳೂ ಬರುವಂತೆ 39 ತುಂಡುಗಳನ್ನು ಯೋಜಿಸಿ, ನೀರು, ಉಪ್ಪಿನ ಅಯಾನುಗಳ ಸಮೇತ ಪ್ರತಿ ಪರಮಾಣುವಿನ ಚಲನೆಯನ್ನು ಲೆಕ್ಕ ಹಾಕಿದರು. ಇಂಥ ಲೆಕ್ಕದಲ್ಲಿ ಕಾಲದ ಒಂದು ಹೆಜ್ಜೆ ಸಾಮಾನ್ಯವಾಗಿ 2 ಫೆಮ್ಟೋಸೆಕೆಂಡ್. ಒಂದು ಮೈಕ್ರೋಸೆಕೆಂಡ್ ದಾಟಲು 50 ಕೋಟಿ ಹೆಜ್ಜೆ. 2014ರಲ್ಲಿ ಬಂದ ಫಲಿತಾಂಶದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಇದು: ಸಿ-ಜಿಯಂಥ ಕೆಲವು ಹೆಜ್ಜೆಗಳು ಕೆಲವು ನೆರೆಯಲ್ಲಿ ಒಂದು ತಿರುಚಿನಲ್ಲಿ ನಿಲ್ಲುವುದಿಲ್ಲ, ಎರಡು ತಿರುಚುಗಳ ನಡುವೆ ಓಡಾಡುತ್ತವೆ. ಅವುಗಳ ಸರಾಸರಿಯನ್ನು ಬರೆದಿಟ್ಟರೆ, ಆ ಹೆಜ್ಜೆ ಹೆಚ್ಚು ಹೊತ್ತು ಇರದ ಜಾಗದ ಅಂಕಿಯನ್ನು ಬರೆದಿಟ್ಟಂತೆ.

ಇಲ್ಲಿ ಆಕಾರ ಎಂಬ ಕಲ್ಪನೆಯೇ ಬದಲಾಗಬೇಕಾಗುತ್ತದೆ. ಮಡಿಚಿಕೊಂಡ ಪ್ರೋಟೀನಿಗೆ ಸಾಮಾನ್ಯವಾಗಿ ಒಂದು ನೆಲೆಗೊಂಡ ರೂಪವಿದೆ. ಬರಿಯ ಡಿಎನ್‌ಎ ನೀರಿನಲ್ಲಿ ಸದಾ ಬಳುಕುತ್ತಿರುತ್ತದೆ. 150 ಅಕ್ಷರಗಳಷ್ಟು ಉದ್ದದಲ್ಲಿ ಅದು ತಾನು ಹೊರಟ ದಿಕ್ಕನ್ನು ಮರೆಯತೊಡಗುತ್ತದೆ. ಆದ್ದರಿಂದ ಅಕ್ಷರ ಕ್ರಮದಿಂದ ನಾವು ಹೇಳಬೇಕಾದದ್ದು ಎರಡು: ಸರಾಸರಿಯಲ್ಲಿ ಎತ್ತ ವಾಲುತ್ತದೆ, ಮತ್ತು ಆ ವಾಲಿನಿಂದ ಅತ್ತಿತ್ತ ಎಳೆಯಲು ಎಷ್ಟು ಬಲ ಬೇಕು. ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಗಣಿತಜ್ಞ ಜಾನ್ ಮ್ಯಾಡಕ್ಸ್ ಅವರ ತಂಡದ ಸಿಜಿಡಿಎನ್‌ಎ ಮಾದರಿ ಈ ಎರಡನ್ನೂ ಒಟ್ಟಿಗೆ ಕೊಡುತ್ತದೆ. 2024ರ ಆಲ್ಫಾಫೋಲ್ಡ್ 3 ಎಂಬ ಕೃತಕ ಬುದ್ಧಿಮತ್ತೆಯ ಪ್ರೋಗ್ರಾಂ ಪ್ರೋಟೀನಿನ ಜೊತೆ ಡಿಎನ್‌ಎಯ ರಚನೆಯನ್ನೂ ಊಹಿಸುತ್ತದೆ, ಅದು ದೊಡ್ಡ ಸಾಧನೆ. ಆದರೆ ಅದು ಕೈಗಿಡುವುದು ಒಂದೊಂದು ಸ್ಥಿರ ಚಿತ್ರ. ಬಳುಕನ್ನು ಕೇಳುವವರಿಗೆ ಅದರಿಂದ ಪೂರ್ತಿ ಉತ್ತರ ಸಿಗದು.

ಇಷ್ಟೆಲ್ಲ ಕಷ್ಟ ಯಾಕೆ ಎಂದರೆ, ಜೀವಕೋಶ ಈ ಆಕಾರವನ್ನು ಬಳಸಿಕೊಳ್ಳುತ್ತದೆ. ಹಣ್ಣುನೊಣದಲ್ಲಿ ಎಸ್‌ಸಿಆರ್ ಎಂಬ ಹಾಕ್ಸ್ ಪ್ರೋಟೀನು ಲಾಲಾರಸ ಗ್ರಂಥಿಯ ಒಂದು ಜೀನ್ ಅನ್ನು ಚಾಲೂ ಮಾಡುತ್ತದೆ. ಹಾಕ್ಸ್ ಕುಟುಂಬದ ಪ್ರೋಟೀನುಗಳೆಲ್ಲ ಹೆಚ್ಚುಕಡಿಮೆ ಒಂದೇ ಅಕ್ಷರಗಳನ್ನು ಹಿಡಿಯುವಂಥವು. ಹಾಗಿದ್ದರೆ ಎಸ್‌ಸಿಆರ್ ತನ್ನ ಜಾಗವನ್ನು ಗುರುತಿಸುವುದು ಹೇಗೆ? ಕೊಲಂಬಿಯಾ ವಿಶ್ವವಿದ್ಯಾಲಯದ ರಿಚರ್ಡ್ ಮ್ಯಾನ್, ಬ್ಯಾರಿ ಹೋನಿಗ್, ರೆಮೋ ರೋಸ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದಂತೆ, ಆ ಜಾಗದಲ್ಲಿ ಕಿರಿ ತೋಡು ಇನ್ನೂ ಕಿರಿದು, ಅಲ್ಲಿ ಋಣ ವಿದ್ಯುತ್ತು ಹೆಚ್ಚು ಗಾಢ, ಪ್ರೋಟೀನಿನ ಧನ ವಿದ್ಯುತ್ತಿನ ಅರ್ಜಿನಿನ್ ಅಲ್ಲಿಗೆ ಸರಿಯಾಗಿ ಹೊಗುತ್ತದೆ. 2009ರ ಹೊತ್ತಿಗೆ ಇಂಥ ಗುರುತು ಅನೇಕ ಪ್ರೋಟೀನುಗಳಲ್ಲಿ ಇದೆ ಎಂದು ಅವರು ತೋರಿಸಿದರು; ರೋಸ್ ಅವರ ಗುಂಪು 2013ರಲ್ಲಿ ಇಡೀ ಜೀನೋಮಿಗೆ ತೋಡಿನ ಅಗಲವನ್ನು ಅಕ್ಷರಗಳಿಂದಲೇ ಥಟ್ಟನೆ ಹೇಳುವ ವಿಧಾನವನ್ನೂ ಕೊಟ್ಟಿತು.

ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು ಎರಡು ಮೀಟರ್ ಡಿಎನ್‌ಎ ಇದೆ. ಅದನ್ನು ಸುತ್ತಿಡುವ ಮೊದಲ ಹಂತ ನ್ಯೂಕ್ಲಿಯೋಸೋಮ್: 147 ಜೋಡಿ ಅಕ್ಷರಗಳು ಹಿಸ್ಟೋನ್ ಪ್ರೋಟೀನುಗಳ ಸುತ್ತ ಒಂದೂಮುಕ್ಕಾಲು ಸುತ್ತಿಗೆ ತುಸು ಕಡಿಮೆ ಸುತ್ತಿಕೊಳ್ಳುತ್ತವೆ. ಸುತ್ತಿಕೊಳ್ಳಬೇಕಾದರೆ ಬಾಗಬೇಕು, ಎಲ್ಲ ಅಕ್ಷರ ಸಾಲುಗಳೂ ಒಂದೇ ಸಮ ಬಾಗಲು ಒಪ್ಪುವುದಿಲ್ಲ. ಡ್ರೂ ಮತ್ತು ಆಂಡ್ರ್ಯೂ ಟ್ರಾವರ್ಸ್ 1985-86ರಲ್ಲೇ ಕಂಡುಕೊಂಡಂತೆ, ಎ-ಟಿ ಹೆಚ್ಚಿರುವ ಹೆಜ್ಜೆಗಳು ಕಿರಿ ತೋಡು ಒಳಮುಖವಾಗುವಲ್ಲಿ, ಜಿ-ಸಿ ಹೆಚ್ಚಿರುವವು ಹೊರಮುಖವಾಗುವಲ್ಲಿ ಕೂರಲು ಬಯಸುತ್ತವೆ. ಬಳುಕನ್ನು ನೇರವಾಗಿ ಅಳೆಯುವ ದಾರಿಯೂ ಈಗ ಇದೆ. ಆಕಾಶ್ ಬಸು, ತೇಕ್‌ಜಿಪ್ ಹಾ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಸಾವಿರಾರು ಪುಟ್ಟ ತುಂಡುಗಳಿಗೆ ಒಟ್ಟಿಗೇ ಉಂಗುರವಾಗಲು ಅವಕಾಶ ಕೊಟ್ಟು, ಯಾವುದು ಬೇಗ ಉಂಗುರವಾಯಿತು ಎಂದು ಎಣಿಸುತ್ತಾರೆ. ಯೀಸ್ಟಿನ ಜೀನ್‌ಗಳು ಶುರುವಾಗುವ ಜಾಗದ ಸ್ವಲ್ಪ ಹಿಂದೆ, ನ್ಯೂಕ್ಲಿಯೋಸೋಮ್‌ಗಳು ಇರದ ಕಡೆ, ಬಳುಕದ ಬಿಗಿ ಡಿಎನ್‌ಎ ಸಿಕ್ಕಿತು. ಅಮೈನೋ ಆಮ್ಲಗಳ ಸಂಕೇತದ ಜೊತೆಗೆ, ಬಾಗುವ-ಬಾಗದ ಈ ಗುಣವನ್ನೂ ವಿಕಾಸ ಅದೇ ಅಕ್ಷರಗಳಲ್ಲಿ ಕಾಪಾಡಿಕೊಂಡು ಬಂದಿದೆ ಎಂದು ಒಪ್ಪದೆ ಬೇರೆ ದಾರಿ ನನಗೆ ಕಾಣುವುದಿಲ್ಲ.

ಇಡೀ ಕ್ರೋಮೋಸೋಮಿನ ಮಡಿಕೆಯ ಪ್ರಶ್ನೆ ಬೇರೆಯದೇ. ಅಲ್ಲಿ ಹೆಜ್ಜೆಯ ಡಿಗ್ರಿಗಳಿಗಿಂತ ಡಿಎನ್‌ಎಯನ್ನು ಹಿಡಿದು ಕುಣಿಕೆ ಎಳೆಯುವ ಪ್ರೋಟೀನುಗಳ ಕೆಲಸ ಹೆಚ್ಚು. ಅದನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ನಾವು ನೋಡಿದ ಅಳತೆಯಲ್ಲಿ ಲೆಕ್ಕ ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂದು ಕೇಳಿದರೆ, ಉಪ್ಪು ನೀರಿನಲ್ಲಿರುವ ಕೆಲವು ಹತ್ತು ಅಕ್ಷರಗಳ ಬರಿಯ ತುಂಡಿಗೆ ಉತ್ತರವನ್ನು ಧೈರ್ಯದಿಂದ ಕೊಡಬಹುದು. ಜೀವಕೋಶದೊಳಗೆ ಡಿಎನ್‌ಎ ತನ್ನ ಮೇಲೆ ತಾನೇ ತಿರುಚಿ ಬಿಗಿದಿರುತ್ತದೆ, ಮೀಥೈಲ್ ಗುಂಪು ಅಂಟಿದ ಸಿ ಅಕ್ಷರಗಳಿರುತ್ತವೆ, ಪ್ರೋಟೀನುಗಳು ಎಡೆಬಿಡದೆ ಹತ್ತಿ ಇಳಿಯುತ್ತಿರುತ್ತವೆ. ಇವನ್ನು ಒಂದೊಂದಾಗಿ ಲೆಕ್ಕಕ್ಕೆ ತರುವ ಕೆಲಸ ನಡೆಯುತ್ತಿದೆ, ಅದರಲ್ಲಿ ಹೊಸಬರಿಗೆ ಬೇಕಾದಷ್ಟು ಜಾಗವಿದೆ.

ಇಲ್ಲಿರುವ ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳುತ್ತೇನೆ. ಪ್ರೋಟೀನ್ ಡೇಟಾ ಬ್ಯಾಂಕ್‌ನಲ್ಲಿ 1ಬಿಎನ್‌ಎ ಎಂಬ ಹೆಸರಿನ ಫೈಲು ಇದೆ. ಡಿಕರ್ಸನ್ ಮತ್ತು ಡ್ರೂ ಅವರ ಹನ್ನೆರಡಕ್ಷರದ ತುಂಡು ಅದೇ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಪ್ರತಿ ಪರಮಾಣುವಿನ ಎಕ್ಸ್, ವೈ, ಜಡ್ ಅಂಕಿಗಳಿವೆ. ಕಿರಿ ತೋಡಿನ ಎರಡೂ ದಡದ ರಂಜಕದ ಪರಮಾಣುಗಳನ್ನು ಹುಡುಕಿ, ತೋಡಿನ ಆಚೀಚೆ ಎದುರುಬದುರಾದ ಒಂದೊಂದು ಜೊತೆಯ ನಡುವಣ ದೂರವನ್ನು ಸಾಲಾಗಿ ಲೆಕ್ಕ ಹಾಕಿ. ಎರಡು ರಂಜಕ ಗುಂಪುಗಳ ಮೈದಪ್ಪಕ್ಕೆಂದು ಪ್ರತಿ ದೂರದಿಂದ 5.8 ಆಂಗ್‌ಸ್ಟ್ರಾಮ್ ಕಳೆಯಿರಿ. ಪಕ್ಕದಲ್ಲಿ ಅಕ್ಷರಗಳನ್ನು ಬರೆದು ನಕ್ಷೆ ಎಳೆಯಿರಿ, ಎ-ಎ-ಟಿ-ಟಿ ಬಂದ ಕಡೆ ಗೆರೆ ಎಷ್ಟು ಕೆಳಗಿಳಿಯುತ್ತದೆ ಎಂದು ನೋಡಿ. ಆಮೇಲೆ ಪ್ರಶ್ನೆಗಳಿದ್ದರೆ ನನಗೆ ಬರೆಯಿರಿ.